ಮಲಕಾಜಪ್ಪ ಜಗ್ಗಾಟವನ್ನು ತೂಗಿದ್ದು

ಬೈಲಹೊಂಗಲದ ಹತ್ತಿ ಮಾರುಕಟ್ಟೆಯಲ್ಲಿ ಮಲಕಾಜಪ್ಪ ತೂಕದ ಕೆಲಸಕ್ಕೆ ನಿಂತು ಮೂವತ್ತೆಂಟು ವರ್ಷವಾಯಿತು. ಅವನು ನಿಲ್ಲುವ ಜಾಗದಲ್ಲಿ ಮೊದಲು ಸರಪಳಿಯ ತಕ್ಕಡಿ ಇತ್ತು, ಆಮೇಲೆ ಕಬ್ಬಿಣದ ಕಾಟಾ ಬಂತು, ಈಗ ಕೆಂಪು ಅಂಕಿ ಮಿನುಗುವ ಮಷಿನ್ ಇದೆ. ಮಷಿನ್ ಬಂದ ಮೇಲೆ ಅಂಕಿಯನ್ನು ಯಾರು ಬೇಕಾದರೂ ಓದಬಹುದು. ಆದರೂ ಸವದತ್ತಿ, ರಾಮದುರ್ಗದ ಕಡೆಯಿಂದ ಹತ್ತಿ ತಂದ ರೈತರು ಅಂಕಿಯನ್ನು ಬಿಟ್ಟು ಅವನ ಬಾಯಿಯನ್ನೇ ನೋಡುತ್ತಾರೆ. ಅವನು ಗಟ್ಟಿಯಾಗಿ ಕೂಗಿದರೆ ಅದೇ ತೂಕ. ಇನ್ನೊಮ್ಮೆ ತೂಗು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಮಲಕಾಜಪ್ಪ ಅದನ್ನು ನಂಬಿಯೇ ಬಿಟ್ಟಿದ್ದ. ಮಗಳು ಮೀನಾ ಒಂಬತ್ತನೇ ಇಯತ್ತೆಗೆ ಬಂದು “ಅಪ್ಪಾ, ಇನ್ನ ಸಾಕು” ಎಂದು ಅಳುವವರೆಗೂ ಅವಳನ್ನು ತಿಂಗಳಿಗೊಮ್ಮೆ ಹತ್ತಿಯ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಿದ್ದ. ಮುಂಜಾನೆಯ ಹತ್ತಿಗೂ ಮಧ್ಯಾಹ್ನದ ಹತ್ತಿಗೂ ಮಂಜು ಎಷ್ಟು ತೂಗುತ್ತದೆ ಎಂದು ಪರೀಕ್ಷೆ ಮಾಡಿದ್ದ. ಒಮ್ಮೆ ರೊಟ್ಟಿಯ ಹಿಟ್ಟಿನ ಮುದ್ದೆಯನ್ನು ಬಡಿಯುವ ಮೊದಲು ತೂಗಿ, ಬೆಂದ ಮೇಲೆ ರೊಟ್ಟಿಯನ್ನು ತೂಗಿ, ಉಳಿದದ್ದು ಎಲ್ಲಿ ಹೋಯಿತೆಂದು ಹೆಂಡತಿ ಸುಂದರವ್ವನನ್ನು ಕೇಳಿದ. “ನಿಮ್ಮ ತಲಿಯಾಗ ಹೋತು” ಎಂದು ಅವಳು ಇನ್ನೊಂದು ರೊಟ್ಟಿ ಬಡಿದಳು. ಅವಳ ಪ್ರಕಾರ ಇದು ರೋಗ, ಔಷಧಿಯಿಲ್ಲ, ಆದರೆ ಯಾರಿಗೂ ತೊಂದರೆಯಿಲ್ಲ.

ಹೋದ ವರ್ಷ ಹತ್ತಿಯ ಹಂಗಾಮಿನಲ್ಲಿ ಕಿತ್ತೂರಿನ ಗೌರೀಶ ಒಂದು ಪಿಕಪ್ ತಂದ. ಪುಣೆಯ ಕಡೆಯ ಯಾರೋ ಉಳ್ಳವರು ಓಡಿಸಿ ಬೇಸರವಾಗಿ ಮಾರಿದ್ದು. ನಾಲ್ಕು ಬಾಗಿಲು, ಎದೆಯೆತ್ತರದ ಬಾನೆಟ್, ನಾಲ್ಕು ಗಾಲಿಗೂ ಎಂಜಿನ್ನಿನ ಬಲ, ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ. ಮಾರುಕಟ್ಟೆಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಸಾಗಿಸುವುದರಲ್ಲಿ ಮೊದಲ ಪಾಳಿ ತನಗೆ ಬೇಕೆಂದು ಅವನು ಕೇಳಿದ. ಅಲ್ಲಿಯವರೆಗೆ ಮೊದಲ ಪಾಳಿ ಸಂಜುವಿನದು. ಸಂಜು ಮುರಗೋಡದವನು, ಮಲಕಾಜಪ್ಪನ ಅಕ್ಕ ತಂಗೆವ್ವನ ಮಗ. ಅವನ ಟ್ರ್ಯಾಕ್ಟರ್ ಹನ್ನೆರಡು ವರ್ಷ ದುಡಿದು ಬಣ್ಣ ಕಳೆದುಕೊಂಡಿತ್ತು, ಅವನ ಬಾಯಿ ಮಾತ್ರ ಇನ್ನೂ ಹೊಸದು.

ಮಾರುಕಟ್ಟೆಯ ಮುಂದಿನ ಚಹಾದಂಗಡಿಯಲ್ಲಿ ಒಂದು ತಿಂಗಳು ಬೇರೆ ಮಾತೇ ಇರಲಿಲ್ಲ.

“ನಂದು ನೂರಾ ಅರವತ್ತ ಎಚ್‌ಪಿ. ಅಂದ್ರ ನೂರಾ ಅರವತ್ತ ಕುದುರಿ,” ಎಂದು ಗೌರೀಶ ಬೆರಳು ಮಡಚಿದ. “ನಿಂದು ನಲವತ್ತೈದು. ಇದರಾಗ ವಾದಾ ಎಲ್ಲಿಂದ ಬಂತಪಾ?”

“ಕುದುರಿ ಓಡಾಕ ಛಲೋ. ಜಗ್ಗೂದು ಗೇರ್,” ಎಂದ ಸಂಜು. “ಸಣ್ಣ ಗೇರಿಗೆ ಹಾಕಿ ಕ್ಲಚ್ ಬಿಟ್ನಿ ಅಂದ್ರ ನಿನ್ನ ಗಾಡಿನೂ ಬರತೈತಿ, ನಿನ್ನ ಕುದುರಿನೂ ಬರತಾವು.”

“ಟರ್ಬೊ ಐತಿ ನಂದು.”

“ನಂದರ ಗಾಲಿ ನೋಡು. ನಿನ್ನ ಎದಿ ಮಟಾ ಬರತಾವು.”

ಕೇಳುತ್ತ ಕುಳಿತಿದ್ದ ಮಲಕಾಜಪ್ಪ ಬಶಿಯಲ್ಲಿ ಚಹಾ ಸುರಿದುಕೊಂಡು ನಡುವೆ ಬಾಯಿ ಹಾಕಿದ. “ಅಲ್ರೋ, ಈ ಕುದುರಿ ಲೆಕ್ಕಾ ಯಾರ ಹಚ್ಚಿದ್ರು? ನಮ್ಮ ಕಡೆ ಜಗ್ಗಾವು ಎತ್ತು. ಒಂದ ಜೋಡಿ ಎತ್ತಂದ್ರ ಎಷ್ಟ ಕುದುರಿ?”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. “ನಿಂತದ್ದನ್ನ ತೂಗತೇವಿ, ಸರಿ. ಜಗ್ಗೂದನ್ನ ತೂಗಾಕ ಬರತೈತೇನು?” ಎಂದು ಕೇಳಿದ. ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಚೂರಿನ ಹಾಗೆ ಮೂರು ದಿನ ಅವನನ್ನು ಕಾಡಿತು.

ನಾಲ್ಕನೆಯ ದಿನ ಗುಜರಿ ಅಂಗಡಿಯ ಮುಂದೆ ಹಾಯುವಾಗ ಉತ್ತರ ಕಣ್ಣಿಗೆ ಬಿತ್ತು. ಅಲ್ಲಿ ಕ್ರೇನಿನ ಕೊಕ್ಕೆಗೆ ಒಂದು ತೂಕದ ಮಷಿನ್ ಕಟ್ಟಿ, ಅದರ ಕೆಳಗೆ ಹಳೆಯ ಎಂಜಿನ್ ಒಂದನ್ನು ನೇತುಹಾಕಿದ್ದರು. ಐದು ಟನ್‌ವರೆಗೆ ತೂಗುವ ಮಷಿನ್. ಎಂಜಿನ್ ಕೆಳಕ್ಕೆ ಜಗ್ಗುತ್ತಿತ್ತು, ಮಷಿನ್ ಅಂಕಿ ತೋರಿಸುತ್ತಿತ್ತು. ಕೆಳಕ್ಕೆ ಜಗ್ಗಿದರೆ ತೋರಿಸುವ ಮಷಿನ್ ಅಡ್ಡಕ್ಕೆ ಜಗ್ಗಿದರೆ ಯಾಕೆ ತೋರಿಸಬಾರದು? ಯಾವ ದಿಕ್ಕಿಗೆ ಜಗ್ಗುತ್ತಿದ್ದಾರೆ ಎಂದು ಅದಕ್ಕೇನು ಗೊತ್ತು? ಮಲಕಾಜಪ್ಪ ರಸ್ತೆಯಲ್ಲೇ ನಿಂತು ಒಬ್ಬನೇ ನಕ್ಕ. ನಾಲ್ಕು ದಿನದ ಮಟ್ಟಿಗೆ ಅದನ್ನು ಕೇಳಿ ಪಡೆದ.

ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಯವರಿಗೂ ಈ ಜಗಳ ಸಾಕಾಗಿತ್ತು. ಯಾರ ಗಾಡಿ ಹೆಚ್ಚು ಜಗ್ಗುತ್ತದೋ ಅವರಿಗೇ ಮೊದಲ ಪಾಳಿ, ಓದುವವನು ಮಲಕಾಜಪ್ಪ ಎಂದು ತೀರ್ಮಾನಿಸಿದರು. ಸೋದರಳಿಯನ ಗಾಡಿಯನ್ನು ಸೋದರಮಾವ ತೂಗುವುದೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಅವರ ಬಾಯಿ ಮುಚ್ಚಿಸಿದವನು ಗೌರೀಶನೇ. “ಮಲಕಾಜಪ್ಪಣ್ಣ ಓದಿದ್ರ ನನಗ ಒಪ್ಪಿಗಿ. ಅವರ ಬಾಯಾಗ ಸುಳ್ಳ ಬರೂದಿಲ್ಲ,” ಎಂದ. ಆ ಮಾತಿಗೆ ಮಲಕಾಜಪ್ಪನ ಎದೆ ತುಂಬಿತು.

ಪರೀಕ್ಷೆ ನಡೆದದ್ದು ಮಾರುಕಟ್ಟೆಯ ಹಿಂದಿನ ಗರಸು ಮಣ್ಣಿನ ಬಯಲಿನಲ್ಲಿ. ತುಂಬಿದ ಲಾರಿಯೊಂದನ್ನು ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಲಾರಿಗೆ ಉಕ್ಕಿನ ಹಗ್ಗ, ಹಗ್ಗಕ್ಕೆ ಮಷಿನ್, ಮಷಿನ್ನಿಗೆ ಗಾಡಿ. ಗಾಡಿ ಜಗ್ಗಬೇಕು, ಗಾಲಿ ನಿಂತಲ್ಲೇ ತಿರುಗುವ ಮೊದಲು ಬಂದ ದೊಡ್ಡ ಅಂಕಿಯೇ ಅದರ ತಾಕತ್ತು. ಹಗ್ಗ ಹರಿದರೆ ಯಾರಿಗೂ ಬಡಿಯದಿರಲೆಂದು ಅದರ ಮೇಲೆ ಗೋಣಿಚೀಲ ಹಾಸಿ, ಮಲಕಾಜಪ್ಪ ದೂರ ನಿಂತು ಅಂಕಿಯ ಮೇಲೆ ಕಣ್ಣು ನೆಟ್ಟ.

ಮೊದಲು ಪಿಕಪ್. ನೋಡಲು ಬಂದ ಜನ ಹಿಂದಿನ ಡಬ್ಬಿಗೆ ಹತ್ತಲು ಹೋದಾಗ ಗೌರೀಶ ಹೌಹಾರಿದ. “ಬಣ್ಣಕ್ಕ ಗೀರ ಬೀಳತಾವು, ಯಾರೂ ಮುಟ್ಟಬ್ಯಾಡ್ರಿ!” ಪಿಕಪ್ ಗುಡುಗಿತು, ಮೂಗು ಎತ್ತಿತು, ನಾಲ್ಕೂ ಗಾಲಿ ಮಣ್ಣು ಚಿಮ್ಮಿಸಿದವು. “ಹದಿಮೂರನೂರಾ ಹತ್ತು ಕಿಲೋ!” ಎಂದು ಮಲಕಾಜಪ್ಪ ಕೂಗಿದ.

ಆಮೇಲೆ ಟ್ರ್ಯಾಕ್ಟರ್. ಮುರಗೋಡದಿಂದ ಬಂದ ಸಂಜುವಿನ ಗೆಳೆಯರು ಸಿಳ್ಳೆ ಹಾಕುತ್ತ ಮಡ್‌ಗಾರ್ಡ್ ಹತ್ತಿ ಕುಳಿತರು. ನಮ್ಮ ಕಡೆ ಮಡ್‌ಗಾರ್ಡ್ ಮೇಲೆ ಮಂದಿಯಿಲ್ಲದ ಟ್ರ್ಯಾಕ್ಟರನ್ನು ಯಾರೂ ಕಂಡಿಲ್ಲ. ಆದ್ದರಿಂದ ಅವರು ಕುಳಿತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಜು ಕ್ಲಚ್ ಬಿಟ್ಟ. ಕಪ್ಪು ಹೊಗೆ ಎದ್ದಿತು. “ಹದಿನಾಲ್ಕನೂರಾ ಇಪ್ಪತ್ತು!”

ಗುಲಾಲು ಹಾರಿತು. ಗೌರೀಶನ ಮುಖ ಸಣ್ಣದಾಯಿತು, ಆದರೆ ತಕರಾರಿಲ್ಲದೆ ಪಿಕಪ್ಪನ್ನು ಪಾಳಿಯ ಕೊನೆಗೆ ತೆಗೆದುಕೊಂಡು ಹೋಗಿ ನಿಲ್ಲಿಸಿದ.

ಸಂಜೆಗೆ ಆ ವಿಡಿಯೊ ಎಲ್ಲರ ಫೋನಿಗೂ ಬಂತು. ಸುಂದರವ್ವ ಶೇಂಗಾ ಸುಲಿಯುತ್ತ ಅದನ್ನು ನೋಡಿದಳು. ಅವಳಿಗೆ ಎಂಜಿನ್ ಬೇಕಿರಲಿಲ್ಲ, ಜನ ಬೇಕಿದ್ದರು. “ಇವ ಮುರಗೋಡದ ಕಾಡಪ್ಪನ ತಮ್ಮ ಅಲ್ಲೇನ್ರಿ? ಎಷ್ಟ ದಪ್ಪಾಗ್ಯಾನ! ಈ ಕಡೆ ಮೂರು, ಆ ಕಡೆ ಮೂರು. ಆರ ಮಂದಿ ಕುಂತಾರ, ಮಡ್‌ಗಾರ್ಡ್ ಹ್ಯಾಂಗ ತಡೀತೋ ಏನೋ.”

ಮಲಕಾಜಪ್ಪ ಅವಳ ಕೈಯಿಂದ ಫೋನು ಕಸಿದುಕೊಂಡ. ಜನರ ತೂಕ ಅವನಿಗೆ ಕಣ್ಣಳತೆಯಲ್ಲೇ ಗೊತ್ತು. ಒಬ್ಬೊಬ್ಬರನ್ನೇ ನೋಡಿ ಕೂಡಿಸಿದ. ನಾನೂರು ಕಿಲೋಕ್ಕೆ ಕಡಿಮೆಯಿಲ್ಲ.

ಮೂವತ್ತೆಂಟು ವರ್ಷ ಪ್ರತಿ ಅಂಡಿಗೆಯ ತೂಕದಲ್ಲೂ, ಅಂದರೆ ಹತ್ತಿ ತುಂಬಿದ ಆ ದೊಡ್ಡ ಚೀಲದ ತೂಕದಲ್ಲೂ, ಬರಿಯ ಚೀಲದ್ದನ್ನು ತಪ್ಪದೆ ಕಳೆದವನು ಆರು ಮಂದಿಯನ್ನು ಕಳೆಯಲು ಮರೆತಿದ್ದ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಕುತೂಹಲ. ಅವನ ಹಣೆಬರಹವೇ ಹಾಗೆ. ಸುಮ್ಮನೆ ಕುಳಿತ ಮನುಷ್ಯ ಗಾಡಿಯನ್ನು ಹೇಗೆ ಜಗ್ಗುತ್ತಾನೆ? ವಿಡಿಯೊವನ್ನು ಮತ್ತೆ ಮತ್ತೆ ಓಡಿಸಿದ. ಪಿಕಪ್ಪಿನ ಎಂಜಿನ್ ಎಲ್ಲೂ ಉಸಿರು ಕಟ್ಟಿರಲಿಲ್ಲ. ಟ್ರ್ಯಾಕ್ಟರಿನದೂ ಇಲ್ಲ. ಎರಡರಲ್ಲೂ ಮೊದಲು ಸೋತದ್ದು ಗಾಲಿ. ನೆಲದ ಮೇಲಿನ ಹಿಡಿತ ಬಿಟ್ಟು ನಿಂತಲ್ಲೇ ತಿರುಗಿತ್ತು. ಮೇಲೆ ಭಾರ ಕುಳಿತಷ್ಟೂ ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ.

“ಅಂದ್ರ ತಿಂಗಳಗಟ್ಟಲೆ ಎಂಜಿನ್ ಎಂಜಿನ್ ಅಂತ ಬಡದಾಡಿದ್ದು ಸುಳ್ಳ ನೋಡ! ಇದೂ ತೂಕದ್ದ ಆಟ!” ಎಂದು ತೊಡೆ ತಟ್ಟಿದ. ತಟ್ಟಿದ ಕೈ ಅಲ್ಲೇ ನಿಂತಿತು. ಆರು ಮಂದಿ ಕೆಳಗಿಳಿದರೆ ಸಂಜು ಸೋಲುತ್ತಾನೆ.

ಸುಂದರವ್ವನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಯಾರೂ ಏನೂ ಕೇಳಿಲ್ಲಲ್ರಿ. ನೀವಾಗಿ ಯಾಕ ಹೇಳಾಕ ಹೋಗತೀರಿ? ಸಂಜು ಸಿಟ್ಟಾದ್ರ ಆಗವಲ್ಲನ್ಯಾಕ, ಹುಡುಗ. ನಿಮ್ಮ ಅಕ್ಕ ಮಾತ್ರ ಈ ಮನಿ ಹೊಸ್ತಿಲಾ ತುಳಿಯೂದಿಲ್ಲ.”

“ನನ್ನ ಮಾತ ನಂಬಿ ಆ ಗೌರೀಶ ಪಾಳಿ ಬಿಟ್ಟ ಹೋದ.”

“ಮೂವತ್ತೆಂಟ ವರ್ಷದ ಹೆಸರು ಏನಾಗಬೇಕ್ರಿ? ಒಮ್ಮೆ ತಪ್ಪಿದ್ನಿ ಅಂದ್ರ ನಾಳಿಂದ ಪ್ರತಿಯೊಬ್ಬರೂ ಇನ್ನೊಮ್ಮೆ ತೂಗ ಅಂತಾರ.”

ಮಲಕಾಜಪ್ಪನ ಹೆದರಿಕೆಯೂ ಅದೇ ಆಗಿತ್ತು. ಅವನಿಗೆ ಹೊಲವಿಲ್ಲ, ಅಂಗಡಿಯಿಲ್ಲ; ಇದ್ದದ್ದು ಆ ಹೆಸರೊಂದೇ.

ಮರುದಿನ ಹರಾಜು ಶುರುವಾಗುವ ಮೊದಲು ಅವನು ತನ್ನ ಕಟ್ಟೆಯ ಮೇಲೆ ನಿಂತು, ಹತ್ತಿಯ ತೂಕವನ್ನು ಕೂಗುವ ಅದೇ ದನಿಯಲ್ಲಿ ಕೂಗಿದ. “ನಿನ್ನೆ ನನ್ನ ತೂಕ ತಪ್ಪೈತ್ರಿ! ಟ್ರ್ಯಾಕ್ಟರ್ ಮ್ಯಾಲ ಆರ ಮಂದಿ ಕುಂತಿದ್ರು, ನಾ ನೋಡಲಿಲ್ಲ. ಇನ್ನೊಮ್ಮೆ ತೂಗಬೇಕು.”

ಸಂಜು ಓಡಿ ಬಂದ. “ಮಾಮಾ, ನಾ ಏನ್ ಹತ್ತಸಿದ್ನೇನು ಅವರನ್ನ? ಅವರಾಗೇ ಹತ್ಯಾರ!”

“ನೀ ಮೋಸ ಮಾಡೀ ಅಂತ ಯಾರಂದ್ರೋ? ತಪ್ಪಿದಾಂವ ನಾನು.”

ಮತ್ತೆ ಲಾರಿ, ಮತ್ತೆ ಹಗ್ಗ. ಈ ಸಲ ಎರಡೂ ಗಾಡಿಯಲ್ಲಿ ಓಡಿಸುವವನ ಹೊರತು ಒಂದು ನೊಣವೂ ಇರಲಿಲ್ಲ. ಟ್ರ್ಯಾಕ್ಟರಿನದು ಹನ್ನೊಂದುನೂರಾ ಎಂಬತ್ತು. ಪಿಕಪ್ಪಿನದು ಹಿಂದಿನ ದಿನದ್ದೇ, ಹದಿಮೂರನೂರಾ ಹತ್ತು. ಎರಡನ್ನೂ ಹಿಂದಿನ ದಿನದಷ್ಟೇ ಗಟ್ಟಿಯಾಗಿ ಓದಿದ. ಮೊದಲ ಪಾಳಿ ಗೌರೀಶನದಾಯಿತು.

ಅಲ್ಲಿಗೆ ಮುಗಿಸಿದ್ದರೆ ಅವನು ಮಲಕಾಜಪ್ಪನೇ ಅಲ್ಲ. “ಗೌರೀಶಾ, ಒಂದೇ ಒಂದ ಸಲ. ಆ ಆರ ಮಂದಿನ್ನ ನಿನ್ನ ಡಬ್ಬಿಯೊಳಗ ಕುಂಡ್ರಸ್ತೇನಿ, ಚಪ್ಪಲಿ ಬಿಟ್ಟ ಹತ್ತತಾರ,” ಎಂದು ಅಂಗಲಾಚಿದ. ಗೆದ್ದವನಿಗೆ ಬಣ್ಣದ ಚಿಂತೆ ಕಡಿಮೆ, ಗೌರೀಶ ಒಪ್ಪಿದ. ಅಂಕಿ ಹದಿನೈದುನೂರಾ ಅರವತ್ತಕ್ಕೆ ಏರಿತು. “ನೋಡ್ರೋ! ನೋಡ್ರೋ! ನಾ ಹೇಳಲಿಲ್ಲಾ?” ಎಂದು ಮಲಕಾಜಪ್ಪ ಕುಣಿದೇಬಿಟ್ಟ. ಆಗ ಸಂಜುವಿನ ಮುಖ ಕಂಡಿತು. ಹುಡುಗ ಬೆನ್ನು ತಿರುಗಿಸಿ ಟ್ರ್ಯಾಕ್ಟರ್ ಶುರು ಮಾಡುತ್ತಿದ್ದ. ಮಲಕಾಜಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸುಂದರವ್ವ ಹೇಳಿದ್ದು ಹುಸಿಯಾಗಲಿಲ್ಲ. ತಂಗೆವ್ವ ಮನೆಗೆ ಬರುವುದನ್ನು ಬಿಟ್ಟಳು, ಫೋನು ಎತ್ತುವುದನ್ನೂ ಬಿಟ್ಟಳು. ಮಾರುಕಟ್ಟೆಯಲ್ಲಿ ಕೆಲವರು ನಗಾಡುತ್ತ “ಮಲಕಾಜಪ್ಪಣ್ಣ, ಇದರ ಮ್ಯಾಲ ಯಾರರೆ ಕುಂತಾರೇನ ನೋಡ್ರಿ ಮತ್ತ” ಎಂದು ಕೆಣಕಿದರು. ಅವನೂ ನಗುತ್ತಿದ್ದ. ಒಳಗೆ ಚುಚ್ಚುತ್ತಿತ್ತು.

ಹದಿನೈದು ದಿನದ ಮೇಲೆ ಮುರಗೋಡದಿಂದ ತಂಗೆವ್ವನ ಹತ್ತಿ ಬಂತು. ಜೊತೆಗೆ ತಂಗೆವ್ವನೂ ಬಂದಳು. ಮಾರುಕಟ್ಟೆಯಲ್ಲಿ ಬೇರೆ ಎರಡು ಕಾಟಾ ಇದ್ದವು, ಎರಡೂ ಖಾಲಿಯಿದ್ದವು. ತಮ್ಮನ ಕಾಟಾದ ಮುಂದೆ ಆರೇಳು ಗಾಡಿಗಳ ಸಾಲು ಇತ್ತು. ಅವಳು ಆ ಸಾಲಿನಲ್ಲಿ ಬಂದು ನಿಂತಳು. ಸೆರಗು ಬಿಗಿದುಕೊಂಡು, ತಮ್ಮನ ಕಡೆ ನೋಡದೆ, ತನ್ನ ಪಾಳಿ ಬರುವವರೆಗೂ ಬಿಸಿಲಿನಲ್ಲೇ ನಿಂತಳು.

ಹಮಾಲರು ಅಂಡಿಗೆಗಳನ್ನು ಒಂದೊಂದಾಗಿ ಏರಿಸಿದರು. ಮಲಕಾಜಪ್ಪ ಓದಿದ. ಎಲ್ಲ ಮುಗಿದ ಮೇಲೆ, ಯಾರೂ ಎಂದೂ ಕೇಳದಿದ್ದ ಮಾತನ್ನು ತಾನಾಗಿಯೇ ಆಡಿದ. “ಅಕ್ಕಾ, ಬೇಕಾದ್ರ ಇನ್ನೊಮ್ಮೆ ತೂಗತೇನಿ.”

ತಂಗೆವ್ವ ಆಗ ಅವನ ಮುಖ ನೋಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಯಾಕ? ತಪ್ಪಿದ್ರ ನೀನ ಬಂದು ಹೇಳ್ತೀಯಲ್ಲ,” ಎಂದಳು.

ಚೀಟಿಯನ್ನು ಓದದೆ ಮಡಚಿ ಸಂಚಿಯಲ್ಲಿಟ್ಟುಕೊಂಡು, ಪಾಳಿಯ ಕೊನೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಮಗನ ಕಡೆಗೆ ನಡೆದಳು.