ಇಲ್ಲದ ಅಪ್ಪನ ಟ್ಯಾಗು

ಪುಣೆಯ ನಿಗಡಿ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಅವ್ವ ಒಬ್ಬಳೇ ನನ್ನನ್ನು ಬೆಳೆಸಿದಳು. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಬಿಟ್ಟು ಹೋದ. ಅವ್ವ ಊರಿಗೆ ಮರಳದೆ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ನಾನು ಓದಿ ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೂ ಅಂಗಡಿ ಬಿಟ್ಟಿಲ್ಲ.

ನಮ್ಮ ತಂಡ ಶಾಲೆಗಳಿಗಾಗಿ ಮಾಡಿದ್ದ ಪ್ರೋಗ್ರಾಂ ಒಂದನ್ನು ಹೊಸದಾಗಿ ಬರೆಯುತ್ತಿತ್ತು. ಅದರೊಳಗೆ ಪ್ರತಿ ಮಗುವೂ ಒಂದು ಆಬ್ಜೆಕ್ಟ್, ಎಂದರೆ ಹೆಸರು, ತರಗತಿ, ಮನೆಯವರು ಎಲ್ಲವನ್ನೂ ಒಟ್ಟಿಗೆ ಕಟ್ಟಿಟ್ಟ ಮಾಹಿತಿಯ ಗಂಟು. ಪೋಷಕರ ಫೋನಿಗೆ ಸಂದೇಶ ಕಳಿಸುವ ಕೆಲಸ ಇನ್ನೊಂದು ಕಂಪನಿಯದು. ಅವರಿಗಾಗಿ ಆ ಗಂಟನ್ನು ಬಿಚ್ಚಿ ಎಕ್ಸ್‌ಎಂಎಲ್ ದಾಖಲೆಯಾಗಿ ಬರೆದು ಕೊಡಬೇಕಿತ್ತು: ಡಬ್ಬಿಗಳಂತೆ ಒಂದರೊಳಗೊಂದು ಕೂರುವ, ಹೆಸರು ಹಚ್ಚಿದ ಟ್ಯಾಗುಗಳು, ಅವುಗಳೊಳಗೆ ಮಾಹಿತಿ. ಯಾವುದು ಯಾವ ಟ್ಯಾಗಿನೊಳಗೆ ಹೋಗಬೇಕೆಂದು ಗೊತ್ತುಮಾಡುವ ಮ್ಯಾಪಿಂಗ್ ಕೆಲಸ ನನಗೆ ಬಂತು. ಆದರೆ ವಿನ್ಯಾಸ ಹಳೆಯದೇ. ಎಲ್ಲಕ್ಕಿಂತ ಹೊರಗೆ ಅಪ್ಪನ ಟ್ಯಾಗು, ಅದರೊಳಗೆ ತಾಯಿ, ತೀರ ಒಳಗೆ ಮಗು.

ಪರೀಕ್ಷಿಸಿ ನೋಡಲು ನಮ್ಮ ಮನೆಯ ಮಾಹಿತಿಯನ್ನೇ ತುಂಬಿದೆ. ಅವ್ವ, ನಾನು, ಅಪ್ಪನ ಜಾಗ ಖಾಲಿ. ಪ್ರೋಗ್ರಾಂ ಓಡಿತು, ಯಾವ ತಪ್ಪನ್ನೂ ತೋರಿಸಲಿಲ್ಲ. ದಾಖಲೆ ತೆರೆದರೆ ನಾವಿಬ್ಬರೂ ಅದರಲ್ಲಿರಲಿಲ್ಲ. ಅಪ್ಪ ಇಲ್ಲವೆಂದು ಆ ಟ್ಯಾಗನ್ನೇ ಅದು ಬರೆದಿರಲಿಲ್ಲ. ಟ್ಯಾಗಿನ ಜೊತೆ ಅದರೊಳಗಿನವರೂ ಹೋಗಿದ್ದರು. 

ನಮ್ಮ ಟೀಮ್ ಲೀಡ್ ಮೈಸೂರಿನವರು. ಕೆಟ್ಟವರಲ್ಲ, ಕೆಲಸ ಮುಗಿದರೆ ಸಾಕೆನ್ನುವವರು. ನಾನು ತೋರಿಸಿದ್ದನ್ನು ನೋಡಿ, "ಒಂದು ಡಮ್ಮಿ ಹೆಸರು ಹಾಕ್ಬಿಡಿ. ಫೀಲ್ಡ್ ಖಾಲಿ ಇರಬಾರ್ದು, ಅಷ್ಟೇ. ಮುಂದಿನ ವಾರ ಡೆಲಿವರಿ ಇದೆ," ಎಂದರು.

"ಇಲ್ರಿ ಸರ್. ಇಲ್ಲದ ಅಪ್ಪನ್ನ ನಾ ಹುಟ್ಟಸೂದಿಲ್ಲ."

"ಇದನ್ನ ಪರ್ಸನಲ್ ಆಗಿ ತಗೋಬೇಡಿ."

"ಪರ್ಸನಲ್ಲೂ ಅದರಿ, ಪ್ರೋಗ್ರಾಮಿನ ತಪ್ಪೂ ಅದರಿ."

ಆ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳಾದರೂ ನನ್ನ ಬೆನ್ನಿಗೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಹಾಕಿ ಬಿಡವಾ. ನಿನ್ನ ಶಾಲಿಗೆ ಹಚ್ಚುವಾಗ ನಾನೂ ಹಾಕೀನಿ. ಅವರು ಬಿಡಲಿಲ್ಲ," ಎಂದಳು.

ನಿಜ. ಇಲ್ಲಿ ಮಹಾರಾಷ್ಟ್ರದಲ್ಲಿ ಮಗುವಿನ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಅಪ್ಪನ ಹೆಸರು ಇರಲೇಬೇಕೆಂದು ಶಾಲೆಯವರು ಹಟ ಹಿಡಿದಿದ್ದರಂತೆ. ನಾನು ಅಂಬೆಗಾಲಿಡುವುದನ್ನೂ ನೋಡದ ಮನುಷ್ಯ ನನ್ನ ಹೆಸರಿನ ನಡುವೆ ಕುಳಿತು ದಿನವೂ ಹಾಜರಿ ಹಾಕಿಸಿಕೊಂಡ.

"ಆವತ್ತ ನಿನ್ನ ಕಡೆ ಬ್ಯಾರೆ ದಾರಿ ಇರಲಿಲ್ಲವ್ವಾ," ಎಂದೆ. "ಇವತ್ತ ಬರಿಯೂದು ನನ್ನ ಕೈಯಾಗ ಅದ."

ನೌಕರಿ ಹೋದರೆ ಏನು ಮಾಡುತ್ತೀ ಎಂದು ಕೇಳಿದಳು. ಇನ್ನೊಂದು ಹುಡುಕುತ್ತೇನೆ ಎಂದೆ. ಹೇಳುವಷ್ಟು ಧೈರ್ಯ ಒಳಗಿರಲಿಲ್ಲ, ಆದರೂ ಹೇಳಿದೆ.

ಮರುದಿನ ಮ್ಯಾಪಿಂಗನ್ನು ಬುಡಮೇಲು ಮಾಡಿದೆ. ಹೊರಗಿನ ಟ್ಯಾಗು ಮಗುವಿನದು. ಅದರೊಳಗೆ ಆ ಮಗುವಿಗೆ ಯಾರಿದ್ದಾರೋ ಅವರು: ತಾಯಿ ಮಾತ್ರ ಇದ್ದರೆ ತಾಯಿ, ಅಜ್ಜಿ ಇದ್ದರೆ ಅಜ್ಜಿ. ದಾಖಲೆಯ ಆಕಾರ ಬದಲಾದರೆ ಸಂದೇಶ ಕಳಿಸುವ ಕಂಪನಿಯೂ ಒಪ್ಪಬೇಕು. ಅವರಿಗೆ ಸದ್ಯ ಏನೂ ಬರೆಯಬೇಡಿ ಎಂದು ಲೀಡ್ ಹೇಳಿದರು. ನಾನು ಬರೆದೆ, ಅದರ ಪ್ರತಿಯನ್ನು ಲೀಡ್‌ಗೂ ಕಳಿಸಿದೆ.

ಆ ಕಂಪನಿಯ ಮೇಲಧಿಕಾರಿ ಒಬ್ಬ ಮರಾಠಿ ಹೆಂಗಸು. ವಿಡಿಯೋ ಮೀಟಿಂಗಿನಲ್ಲಿ, ಇದು ನಿಜಕ್ಕೂ ಆಗುತ್ತಿದೆಯೋ ಅಥವಾ ನಿಮ್ಮ ಊಹೆಯೋ ಎಂದು ನೇರವಾಗಿ ಕೇಳಿದರು. ಹಳೆಯ ಪ್ರೋಗ್ರಾಂ ಬಳಸುತ್ತಿದ್ದ ಶಾಲೆಗಳ ಮಕ್ಕಳ ಪಟ್ಟಿಯನ್ನೂ ಅವರಿಗೆ ತಲುಪಿದ್ದ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಪ್ರತಿ ಶಾಲೆಯಲ್ಲೂ ಅಪ್ಪನ ಹೆಸರಿಲ್ಲದ ಕೆಲವು ಮಕ್ಕಳು ದಾಖಲೆಯಿಂದ ಕಾಣೆಯಾಗಿದ್ದರು. ಆಕೆ ತಮ್ಮ ಕಡೆಗೆ ಬಂದ ದೂರುಗಳ ಪಟ್ಟಿ ತೆರೆದರು. ಶಾಲೆ ಬಸ್ಸಿನ ಸಮಯ ಬದಲಾದ ಸಂದೇಶವೇ ಬರುವುದಿಲ್ಲವೆಂದು ಕೆಲವು ತಾಯಂದಿರು ದೂರಿದ್ದರಂತೆ. ಅವರಿಗೆಲ್ಲ ಫೋನ್ ಸರಿಮಾಡಿಸಿಕೊಳ್ಳಿ ಎಂಬ ಉತ್ತರ ಹೋಗಿತ್ತಂತೆ. ಹೊಸ ಆಕಾರವನ್ನೇ ಕಳಿಸಿ, ನಮ್ಮ ಕಡೆ ನಾವು ಬದಲಿಸಿಕೊಳ್ಳುತ್ತೇವೆ ಎಂದರು.

ಡೆಲಿವರಿ ಮುಂದಕ್ಕೆ ಹೋಯಿತು. ಲೀಡ್ ನನ್ನೊಡನೆ ಮಾತು ಬಿಟ್ಟರು, ಆಮೇಲೆ ನನ್ನನ್ನೇ ತಂಡದಿಂದ ಕೈಬಿಟ್ಟರು. ವರ್ಷದ ಕೊನೆಯ ವರದಿಯಲ್ಲಿ, ಕೆಲಸ ಬಲ್ಲಳು, ಹೇಳಿದ್ದು ಕೇಳುವುದಿಲ್ಲ ಎಂದು ಬರೆದರು. ಎಚ್‌ಆರ್‌ನ ಹುಡುಗಿ ಅದನ್ನು ನನ್ನ ಮುಂದಿಟ್ಟು, ಆಕ್ಷೇಪಣೆ ಇದ್ದರೆ ಕೆಳಗೆ ಬರೆಯಬಹುದು ಎಂದಳು.

ಆಕ್ಷೇಪಣೆ ಇಲ್ಲ, ಇಲ್ಲದ ಅಪ್ಪನನ್ನು ಬರೆಯಿರಿ ಎಂದರೆ ಇನ್ನು ಮುಂದೆಯೂ ಕೇಳುವುದಿಲ್ಲ ಎಂದು ಹೇಳಿ ಸಹಿ ಮಾಡಿದೆ.