ಕಿವಿ ಮೇಸ್ತ್ರಿಯ ಸಹಿ

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಮನುಷ್ಯನಿಗೆ ಅಲ್ಲಿಯವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಸ್ಸು ಗೇಟಿನ ಒಳಗೆ ಬರುತ್ತಿದ್ದಂತೆ, ಚಹಾ ಕುಡಿಯುತ್ತಾ ಕೂತಲ್ಲಿಂದಲೇ, ಹಿಂದಿನ ಚಕ್ರದ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತಿತ್ತು. ಎಂಜಿನ್ನಿನ ಮೈಗೆ ಉದ್ದನೆಯ ಕಬ್ಬಿಣದ ಸರಳು ಇಟ್ಟು, ಅದರ ಇನ್ನೊಂದು ತುದಿಗೆ ಕಿವಿಯಾನಿಸಿ ಅವನು ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿನವರು ಸುತ್ತಿಗೆ ಕೆಳಗಿಟ್ಟು ಸುಮ್ಮನಾಗುತ್ತಿದ್ದರು.

ಆ ಕಿವಿಗಾಗಿಯೇ ಹಳೆಯ ಐಷಾರಾಮಿ ಕಾರುಗಳನ್ನು ಮಾರುವ ಶೋರೂಮೊಂದು ಅವನನ್ನು ಕರೆಸಿಕೊಂಡಿತು. ಅಲ್ಲಿ ಕೆಲಸ ಅಚ್ಚುಕಟ್ಟು. ನೆಲಕ್ಕೆ ಬಿಳಿ ಬಣ್ಣ, ಮೈಗೆ ಇಸ್ತ್ರಿ ಹಾಕಿದ ಅಂಗಿ. ಬಂದ ಗಾಡಿಯನ್ನು ನೂರೈವತ್ತು ಅಂಶಗಳ ಪಟ್ಟಿ ಹಿಡಿದು ಪರೀಕ್ಷಿಸಿ ಅವನು ಕೊನೆಯಲ್ಲಿ ಸಹಿ ಹಾಕಬೇಕು. ಆ ಸಹಿ ಬಿದ್ದ ಗಾಡಿ ‘ಪ್ರಮಾಣಿತ’ ಎನಿಸಿಕೊಳ್ಳುತ್ತಿತ್ತು. ಅದಕ್ಕೆ ಎರಡು ವರ್ಷದ ವಾರಂಟಿ, ಅದರ ಜೊತೆ ಒಂದಿಷ್ಟು ಹೆಚ್ಚಿನ ಬೆಲೆ. ಬೇಡವೆಂದವರಿಗೆ ಅದೇ ಗಾಡಿ ವಾರಂಟಿಯಿಲ್ಲದೆ, ಕಡಿಮೆ ಬೆಲೆಗೆ.

ಪಟ್ಟಿಯಲ್ಲಿ ಕೆಲವನ್ನು ಯಂತ್ರದಿಂದ ಅಳೆಯಬೇಕಿತ್ತು, ಕೆಲವನ್ನು ಕಣ್ಣಿಂದ ನೋಡಬೇಕಿತ್ತು, ಕೆಲವನ್ನು ಕಿವಿಯಿಂದ ಕೇಳಬೇಕಿತ್ತು. ಕೇಳುವ ಕಡೆಗಳಲ್ಲೆಲ್ಲ ಪಟ್ಟಿ ಇನ್ನೊಂದು ದಾರಿಯನ್ನೂ ಹೇಳುತ್ತಿತ್ತು. ಗಾಳಿ ಸೋರಿಕೆ ಇದೆಯೇ ಎಂದು ಕಿವಿಗೊಟ್ಟು ಕೇಳಿ, ಇಲ್ಲವೇ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ನೋಡಿ, ಎಂದು. ಸೋಪಿನ ನೀರು ಕಿವಿ ಇಲ್ಲದವರಿಗೆ ಎನ್ನುವುದು ಮೇಸ್ತ್ರಿಯ ಮಾಮೂಲಿ ತಮಾಷೆ.

ಕಿವಿ ಹೋಗುತ್ತಿರುವುದು ಮೊದಲು ಹೆಂಡತಿಗೆ ಗೊತ್ತಾಯಿತು. ಬಾಗಿಲ ಗಂಟೆ ಹೊಡೆದರೂ ಅವನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅವಳು ಒಂದು ಕೇಳಿದರೆ ಇವನು ಇನ್ನೊಂದು ಹೇಳುತ್ತಿದ್ದ. ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಎಂದು ಅವಳು ಮೊದಲು ನಕ್ಕಳು, ಆಮೇಲೆ ರೇಗಿದಳು, ಕೊನೆಗೆ ಕೈ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋದಳು. ದಪ್ಪ ಗೋಡೆಯ ಪುಟ್ಟ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಅರ್ಧ ಹೊತ್ತು ಅವನು ಗುಂಡಿಯ ಮೇಲೆ ಬೆರಳಿಟ್ಟು ಬರಿದೇ ಕಾದ. ದಪ್ಪ ಸದ್ದುಗಳೆಲ್ಲ ಇನ್ನೂ ಕೇಳುತ್ತವೆ, ಸಣ್ಣ ಸದ್ದುಗಳು ಹೋಗಿವೆ ಎಂದರು ಡಾಕ್ಟರು. ಸಿಳ್ಳೆ, ಹಕ್ಕಿಯ ದನಿ, ಬುಸ್ಸೆನ್ನುವ ಗಾಳಿ, ಇಂಥವು. ವರ್ಷಗಟ್ಟಲೆ ಎಂಜಿನ್ನುಗಳ ನಡುವೆ ನಿಂತವರಿಗೆ ಹೀಗಾಗುತ್ತದಂತೆ. ಹೋದದ್ದು ಹಿಂದೆ ಬರುವುದಿಲ್ಲ, ಯಂತ್ರ ಹಾಕಿಕೊಳ್ಳಬಹುದು.

ಮನೆಗೆ ಬಂದ ಮೇಲೆ ಹೆಂಡತಿ ಶೋರೂಮಿನಲ್ಲಿ ಹೇಳಿಬಿಡಿ ಎಂದಳು. ಅವನು ಹೂಂ ಎಂದ. ನಾಳೆ ನಾಳೆ ಎನ್ನುತ್ತಾ ಏಳು ತಿಂಗಳು ಕಳೆದವು. ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಎಂದು ಯಾವ ಬಾಯಿಂದ ಹೇಳುವುದು? ಯಂತ್ರ ಹಾಕಿಕೊಂಡು ಹೋದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ದಪ್ಪ ಸದ್ದು ಕೇಳುತ್ತದಲ್ಲ, ಎಂಜಿನ್ನಿನ ತೊಂದರೆಯೆಲ್ಲ ದಪ್ಪ ಸದ್ದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗಣಿತದ ಟೀಚರ್ ಶೋರೂಮಿಗೆ ಬಂದದ್ದು ಆ ದಿನಗಳಲ್ಲೇ. ಐವತ್ತು ದಾಟಿದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ. ಶೋಕಿಗೆ ಗಾಡಿ ಕೊಳ್ಳುವವರಂತೆ ಕಾಣಲಿಲ್ಲ. ಅವರ ಗಂಡನಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್. ವಾರಕ್ಕೆ ಎರಡು ಸಲ ಚಿಕಿತ್ಸೆಗೆ ದೂರದ ಆಸ್ಪತ್ರೆಗೆ ಹೋಗಬೇಕು. ಮೂರು ಗಂಟೆಯ ದಾರಿ, ಅರ್ಧಕ್ಕರ್ಧ ಹಳ್ಳಕೊಳ್ಳ. ಬಾಡಿಗೆ ಕಾರಿನಲ್ಲಿ ಪ್ರತಿ ಗುಂಡಿಗೂ ಆತ ಕೂಗುತ್ತಿದ್ದರಂತೆ. ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂರುವ ಒಂದು ದೊಡ್ಡ ಗಾಡಿ ಇದೆ, ಅದರಲ್ಲಿ ಕುಲುಕಾಟವೇ ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಹೊಸದನ್ನು ಕನಸಿನಲ್ಲೂ ಕೊಳ್ಳುವಂತಿಲ್ಲ. ಶೋರೂಮಿನಲ್ಲಿ ಐದು ವರ್ಷ ಹಳೆಯದೊಂದು ನಿಂತಿತ್ತು.

ಟೀಚರ್ ವಾರಂಟಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಉತ್ತರಪತ್ರಿಕೆ ತಿದ್ದುವವರ ಹಾಗೆ ಮೊದಲ ಪುಟದಿಂದ ಓದಿದರು. ಮ್ಯಾನೇಜರ್ ಎರಡು ಸಲ ಕಾಫಿ ತರಿಸಿದ. ಹನ್ನೊಂದನೆಯ ಪುಟಕ್ಕೆ ಬಂದಾಗ ಅವರು ಒಂದು ಗೆರೆ ಎಳೆದು ತಲೆ ಎತ್ತಿದರು.

“ಇಲ್ಲಿ ‘ಸಹಜ ಸವೆತಕ್ಕೆ ಅನ್ವಯಿಸುವುದಿಲ್ಲ’ ಅಂತಿದೆ. ರಬ್ಬರ್ ಚೀಲ ಸವೆಯೋ ಸಾಮಾನು. ಅದು ಯಾವಾಗ ಕೆಟ್ರೂ ಸವೆತಾನೇ ಅಂತೀರಿ. ಹಾಗಾದ್ರೆ ನಾನು ಯಾವುದಕ್ಕೋಸ್ಕರ ಈ ಗಾಡಿ ತಗೋತಿದೀನೋ ಅದಕ್ಕೇ ವಾರಂಟಿ ಇಲ್ಲ, ಅಲ್ವಾ?”

ಮ್ಯಾನೇಜರ್ ನಯವಾಗಿ ನಕ್ಕ. ಎಂಜಿನ್, ಗೇರ್‌ಬಾಕ್ಸ್ ಎಂದು ದೊಡ್ಡ ಖರ್ಚಿನ ಭಾಗಗಳ ಹೆಸರು ಹೇಳತೊಡಗಿದ. ಟೀಚರ್ ಅದನ್ನು ಪೂರ್ತಿ ಕೇಳಿಸಿಕೊಂಡು, ಗಾಡಿಯ ಪಕ್ಕ ನಿಂತಿದ್ದ ಮೇಸ್ತ್ರಿಯ ಹತ್ತಿರ ಬಂದರು. ಇಂಥದೇ ಇನ್ನೊಂದು ಗಾಡಿ ಒಬ್ಬ ದಂತವೈದ್ಯರ ಮನೆಯಲ್ಲಿದೆ ಎಂದರು. ಒಂದು ವರ್ಷ ಹೆಚ್ಚು ಹಳೆಯದು, ವಾರಂಟಿ ಇಲ್ಲ, ಆದರೆ ಈಚೆಗಷ್ಟೇ ನಾಲ್ಕೂ ಚೀಲಗಳನ್ನು ಹೊಸದಾಗಿ ಹಾಕಿಸಿದ್ದಾರೆ, ರಸೀದಿಯೂ ಇದೆ.

“ನಿಮ್ಮ ಅಕ್ಕ ಬಂದು ಕೇಳಿದ್ರೆ ಏನು ಹೇಳ್ತಿದ್ರಿ, ಮೇಸ್ತ್ರಿ? ಅದಾ, ಇದಾ?”

ಮೇಸ್ತ್ರಿ ಹಿಂದಿನ ದಿನವಷ್ಟೇ ಆ ಗಾಡಿಯನ್ನು ಲಿಫ್ಟಿಗೆ ಏರಿಸಿ, ನಾಲ್ಕೂ ಚಕ್ರಗಳ ಬಳಿ ಕಿವಿ ಒಡ್ಡಿ ನಿಂತಿದ್ದ. ಎಲ್ಲ ಕಡೆಯೂ ನಿಶ್ಶಬ್ದ. ಆ ನಿಶ್ಶಬ್ದ ಗಾಡಿಯದೋ ತನ್ನದೋ ಎಂಬ ಯೋಚನೆ ಒಂದು ಕ್ಷಣ ತಲೆಯಲ್ಲಿ ಸುಳಿದಿತ್ತು. ಅದನ್ನು ಅಲ್ಲೇ ಬಿಟ್ಟು ಸಹಿ ಹಾಕಿದ್ದ. ಈಗ ಮ್ಯಾನೇಜರನ ಕಣ್ಣು ತನ್ನ ಮೇಲಿತ್ತು, ಟೀಚರ ಕಣ್ಣೂ ಇತ್ತು.

“ವಾರಂಟಿ ಬರೀ ಕಾಗದ, ಟೀಚರ್,” ಎಂದ ಮೇಸ್ತ್ರಿ. “ಅದನ್ನ ನಂಬಬೇಡಿ. ಇದನ್ನ ನೋಡಿರೋದು ನಾನು. ಆ ಮನೆ ಗಾಡೀನ ಯಾರು ನೋಡಿದಾರೋ ಏನೋ. ಇದನ್ನೇ ತಗೊಳ್ಳಿ.”

ಟೀಚರ್ ಪುಸ್ತಕ ಮುಚ್ಚಿ, ವಾರಂಟಿಯ ಸಮೇತ ಗಾಡಿಯನ್ನು ಕೊಂಡರು. ಗಾಡಿ ಒಯ್ಯುವ ದಿನ, ಏನಾದರೂ ಇದ್ದರೆ ಫೋನ್ ಮಾಡಿ ಎಂದು ಎಲ್ಲರಿಗೂ ಕೊಡುವ ಹಾಗೆ ಮೇಸ್ತ್ರಿ ತನ್ನ ನಂಬರ್ ಕೊಟ್ಟ, ಅವರದನ್ನೂ ಬರೆದುಕೊಂಡ.

ಐದು ವಾರ ಗಾಡಿ ತೇಲಿಕೊಂಡು ಹೋಗಿ ಬಂತು. ಗಂಡ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ ಎಂದು ಟೀಚರ್ ಒಮ್ಮೆ ಸಂದೇಶ ಕಳಿಸಿದ್ದರು. ಮೇಸ್ತ್ರಿ ಅದನ್ನು ಹೆಂಡತಿಗೆ ಓದಿ ಹೇಳಿದ್ದ.

ಆರನೆಯ ವಾರ, ಊರುಗಳೆಲ್ಲ ಹಿಂದೆ ಬಿದ್ದು ಬರೀ ಬಯಲಿದ್ದ ಕಡೆ, ಗಾಡಿಯ ಹಿಂದಿನ ಎಡಭಾಗ ಕುಸಿದು ಕೂತುಬಿಟ್ಟಿತು. ಉಳಿದ ದಾರಿ ನಲವತ್ತು ಕಿಲೋಮೀಟರು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಎರಡು ಗಂಟೆ ಆಗುತ್ತದೆ ಎಂದರು. ಬಿಸಿಲು ಏರುತ್ತಿತ್ತು, ಗಂಡನಿಗೆ ಅಲ್ಲೇ ಮಲಗಿರಲು ಆಗುತ್ತಿರಲಿಲ್ಲ. ಟೀಚರ್ ಆಮೆಯ ಹಾಗೆ ಗಾಡಿ ನಡೆಸಿದರು. ಚೀಲದಲ್ಲಿ ಗಾಳಿಯಿಲ್ಲದ ಗಾಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಬಾಡಿಗೆ ಕಾರಿಗಿಂತ ಹತ್ತು ಪಾಲು ಕಡೆ. ಗಂಡ ಟವೆಲು ಕಚ್ಚಿಕೊಂಡು ಮಲಗಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ರೋಗದಿಂದ ಮೊದಲೇ ಟೊಳ್ಳಾಗಿದ್ದ ಬೆನ್ನಿನ ಮೂಳೆಯೊಂದು ದಾರಿಯಲ್ಲಿ ಮುರಿದು ಕುಸಿದಿತ್ತು.

ಗಾಡಿಯನ್ನು ಲಾರಿಯ ಮೇಲೆ ಹಾಕಿಕೊಂಡು ಶೋರೂಮಿಗೆ ತಂದರು. ಮೇಸ್ತ್ರಿಗೆ ಇನ್ನೂ ಆಸ್ಪತ್ರೆಯ ಸುದ್ದಿ ತಿಳಿದಿರಲಿಲ್ಲ. ಲಿಫ್ಟಿಗೆ ಏರಿಸಿ, ಗಾಳಿ ತುಂಬಿಸಿ, ಎಡಗಡೆಯ ಚೀಲಕ್ಕೆ ಕಿವಿ ಒಡ್ಡಿದ. ಏನೂ ಇಲ್ಲ. ಇನ್ನೂ ಹತ್ತಿರ ಹೋದ, ಕೆನ್ನೆಗೆ ರಬ್ಬರು ತಾಗಿತು. ಆಗಲೂ ಏನೂ ಇಲ್ಲ. ಪಕ್ಕದ ಗಾಡಿಯ ವೈರು ನೋಡುತ್ತಿದ್ದ ಎಲೆಕ್ಟ್ರಿಷಿಯನ್ ತಿರುಗಿ ನೋಡಿದ.

“ಏನ್ ಮೇಸ್ತ್ರಿ, ಅಲ್ಲೇನು ಹುಡುಕ್ತಿದೀರಿ? ಹಾವು ಬುಸುಗುಟ್ಟಿದ ಹಾಗೆ ಇಲ್ಲೀವರೆಗೂ ಕೇಳಿಸ್ತಿದೆಯಲ್ಲ.”

ಮೇಸ್ತ್ರಿ ಬಕೆಟ್ಟಿನಲ್ಲಿ ಸೋಪು ಕದಡಿ ತಂದು ಬ್ರಶ್ಶಿನಿಂದ ಬಳಿದ. ರಬ್ಬರಿನ ಮಡಿಕೆಯಲ್ಲಿ ಬೆರಳುದ್ದದ ಸೀಳಿನಗುಂಟ ಗುಳ್ಳೆಗಳು ಎದ್ದವು. ಸೀಳಿನ ಅಂಚಿನಲ್ಲಿ ಗಟ್ಟಿಯಾಗಿ ಕೂತ ಕರಿ ಜಿಡ್ಡು. ಅದು ಐದಾರು ವಾರದ ಕೊಳೆಯಲ್ಲ. ಅವನು ಸಹಿ ಹಾಕಿದ ದಿನವೂ ಸೀಳು ಅಲ್ಲೇ ಇತ್ತು, ಸಣ್ಣದಾಗಿ ಸೋರುತ್ತಲೇ ಇತ್ತು.

ಸಂಜೆ ಮ್ಯಾನೇಜರ್ ಒಂದು ಕಾಗದ ಮುಂದಿಟ್ಟ. ‘ಸಹಜ ಸವೆತ, ವಾರಂಟಿ ಅನ್ವಯಿಸುವುದಿಲ್ಲ’ ಎಂದು ಟೈಪಾಗಿತ್ತು. ಕೆಳಗೆ ಮೇಸ್ತ್ರಿಯ ಸಹಿಗೆ ಜಾಗ. ಟೀಚರ ಗಂಡ ಕಾಲಿನ ಸ್ವಾಧೀನ ತಪ್ಪಿ ಆಸ್ಪತ್ರೆಯಲ್ಲಿದ್ದಾನಂತೆ, ಇದು ಮುಂದೆ ಹೋಗುವ ಮೊದಲೇ ಮುಗಿಸಬೇಕು ಎಂದ. ಮೇಸ್ತ್ರಿಗೆ ಸುದ್ದಿ ತಿಳಿದದ್ದು ಹಾಗೆ. ಅವನು ಪೆನ್ನು ತೆಗೆದುಕೊಂಡು ಟೈಪಾದ ಸಾಲನ್ನು ಹೊಡೆದುಹಾಕಿದ. ‘ತಪಾಸಣೆಯ ದಿನವೇ ಸೋರಿಕೆ ಇತ್ತು. ನನಗೆ ಕೇಳಿಸಲಿಲ್ಲ. ಎಂಟು ತಿಂಗಳಿಗೂ ಮೇಲಾಗಿ ನನಗೆ ಸಣ್ಣ ಸದ್ದು ಕೇಳಿಸುವುದಿಲ್ಲ. ಸೋಪಿನ ನೀರು ಹಾಕಿ ನೋಡಲಿಲ್ಲ’ ಎಂದು ಬರೆದು ಸಹಿ ಮಾಡಿದ. ಮ್ಯಾನೇಜರ್ ಮಾತಾಡಿದ, ರೇಗಿದ, ಬೇಡಿಕೊಂಡ. ಮೇಸ್ತ್ರಿ ಅದರ ಒಂದು ಪ್ರತಿಯನ್ನು ಜೇಬಿಗಿಟ್ಟುಕೊಂಡು ಹೊರಟ.

ಮರುದಿನ ಆಸ್ಪತ್ರೆಗೆ ಬಸ್ಸು ಹತ್ತಿದ. ಎಂಟು ಹಾಸಿಗೆಯ ವಾರ್ಡಿನ ಕೊನೆಯ ಮಂಚ. ಗಂಡ ಔಷಧದ ಮಂಪರಿನಲ್ಲಿದ್ದರು. ಟೀಚರ್ ಸ್ಟೂಲಿನ ಮೇಲೆ ಕೂತು ಅವರ ಪಾದ ಒತ್ತುತ್ತಿದ್ದರು. ಆ ಪಾದಕ್ಕೆ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿ ಕಾಗದ ಕೊಟ್ಟ. ಅವರು ಎರಡು ಸಲ ಓದಿ ಏನೋ ಕೇಳಿದರು. ಫ್ಯಾನಿನ ಸದ್ದಿನಲ್ಲಿ ಅವರ ತುಟಿ ಆಡಿದ್ದಷ್ಟೇ ಅವನಿಗೆ ಕಂಡಿತು.

“ಏನಂದ್ರಿ?” ಎಂದ.

ಟೀಚರ್ ದನಿ ಎತ್ತಿ ಹೇಳಬೇಕಾಯಿತು. ವಾರ್ಡಿನವರೆಲ್ಲ ಇತ್ತ ತಿರುಗಿದರು.

“ಸೋಪಿನ ನೀರು ಹಾಕಿ ನೋಡೋಕೆ ಎಷ್ಟು ಹೊತ್ತು ಬೇಕು ಅಂದೆ.”

“ಅರ್ಧ ಗಂಟೆ.”

“ನಾನು ಅವತ್ತು ಎರಡು ಗಂಟೆ ಅಲ್ಲೇ ಕೂತಿದ್ದೆ.”

ಅವನು ತಪ್ಪಾಯಿತು ಎಂದ. ಟೀಚರ್ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಕಾಗದ ನನಗೆ ಬೇಕಾಗುತ್ತೆ, ನೀವಿನ್ನು ಹೋಗಿ ಎಂದರು. ಅದನ್ನೂ ಜೋರಾಗಿಯೇ ಹೇಳಿದರು.

ಗಂಡ ಇಪ್ಪತ್ತಮೂರು ದಿನ ಅದೇ ಮಂಚದಲ್ಲಿದ್ದು ತೀರಿಕೊಂಡರು. ರೋಗ ಹೇಗೂ ಬಿಡುತ್ತಿರಲಿಲ್ಲ, ಇನ್ನೊಂದು ವರ್ಷವೋ ಎರಡೋ ಇದ್ದಿರಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಆ ಕಾಗದದ ಬಲದ ಮೇಲೆ ಶೋರೂಮು ಗಾಡಿಯನ್ನು ವಾಪಸು ತೆಗೆದುಕೊಂಡಿತು. ಚೀಲ ಬದಲಿಸಿ, ತೊಳೆದು, ಮತ್ತೆ ಗಾಜಿನ ಹಿಂದೆ ನಿಲ್ಲಿಸಿತು.

ಮೇಸ್ತ್ರಿಯ ಕೆಲಸ ಹೋಯಿತು. ಅವನಿಗೆ ಅದರ ಬೇಸರವಿರಲಿಲ್ಲ. ನಿದ್ದೆ ಕೆಡಿಸಿದ್ದು ಬೇರೆಯದೇ. ಕಿವಿ ಕೆಟ್ಟ ಮೇಲೆ ಅವನು ಸಹಿ ಹಾಕಿದ ಬೇರೆ ಗಾಡಿಗಳು ಎಷ್ಟೋ ಜನರ ಮಕ್ಕಳುಮರಿಯನ್ನು ಹೊತ್ತು ಓಡಾಡುತ್ತಿದ್ದವು. ಅವನ್ನೆಲ್ಲ ಕರೆಸಿ ಮತ್ತೆ ನೋಡಿ ಎಂದು ಶೋರೂಮಿಗೆ ಎರಡು ಸಲ ಹೋಗಿ ಹೇಳಿದ. ಮೂರನೆಯ ಸಲ ಗೇಟಿನಲ್ಲೇ ತಡೆದರು.

ಅವನ ಮೊಬೈಲಿನಲ್ಲಿ ಗಾಡಿ ಒಯ್ದವರ ಮೂವತ್ತೊಂದು ನಂಬರುಗಳಿದ್ದವು. ಫೋನಿನಲ್ಲಿ ಅವನಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಹೆಂಡತಿ ತಾನು ದುಡಿಯುವ ಲಾಂಡ್ರಿಯಿಂದ ಸಂಜೆ ಬಂದು, ಕೈ ತೊಳೆದು, ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೊಂದೇ ನಂಬರು ಒತ್ತತೊಡಗಿದಳು. ನಮ್ಮ ಮನೆಯವರು ನಿಮ್ಮ ಗಾಡಿ ನೋಡಿದ್ದರು, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬೇರೆ ಯಾರ ಹತ್ತಿರವಾದರೂ ಒಮ್ಮೆ ತೋರಿಸಿ ಎನ್ನುತ್ತಿದ್ದಳು. ಕೆಲವರು ಫೋನ್ ಕುಕ್ಕಿದರು. ಒಬ್ಬರು ಎಷ್ಟು ದುಡ್ಡು ಬೇಕು ಎಂದು ಕೇಳಿದರು. ಒಬ್ಬಾತ ಹತ್ತು ನಿಮಿಷ ಬೈದ. ಬೈಗುಳವನ್ನು ಅವಳು ಗಂಡನಿಗೆ ತಿರುಗಿ ಹೇಳಲಿಲ್ಲ, ಅವಳ ಮುಖ ನೋಡಿ ಅವನಿಗೇ ತಿಳಿಯಿತು. ಇಬ್ಬರು ಗಾಡಿ ತೋರಿಸಿದ್ದಾಗಿ ಆಮೇಲೆ ಫೋನ್ ಮಾಡಿದರು. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಬ್ರೇಕಿನ ಗಾಳಿಕೊಳವೆ ಸೀಳಿತ್ತು.

ಹದಿನಾಲ್ಕನೆಯ ನಂಬರಿನ ಹೊತ್ತಿಗೆ ಶೋರೂಮಿನ ವಕೀಲರಿಂದ ನೋಟಿಸು ಬಂತು. ಸಂಸ್ಥೆಯ ಹೆಸರು ಕೆಡಿಸುವುದನ್ನು ನಿಲ್ಲಿಸದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದಿತ್ತು. ಮೇಸ್ತ್ರಿ ಓದಿ ಹೆಂಡತಿಯ ಕೈಗೆ ಕೊಟ್ಟ. ಅವಳೂ ಓದಿದಳು.

“ಏನ್ ಮಾಡೋಣ ರೀ?” ಎಂದು ಅವನ ಮುಖಕ್ಕೆ ಮುಖ ತಂದು ಕೇಳಿದಳು.

ಅವನು ಕನ್ನಡಕ ಹಾಕಿಕೊಂಡು ಹದಿನೈದನೆಯ ನಂಬರನ್ನು ಓದಿ ಹೇಳಿದ.