ಸೈಲೆನ್ಸರಿಗೆ ಕೊರೆದ ಮೂರು ತೂತು

ಮರದ ಮೇಲೆ ಒಬ್ಬ ಮನುಷ್ಯ ಇದ್ದಾಗ, ಕೆಳಗೆ ಹಗ್ಗ ಹಿಡಿದು ನಿಂತಿದ್ದ ನಾನು ಹಗ್ಗ ಬಿಟ್ಟು ಓಡಿದೆ. ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ಇಲ್ಲಿಗೇ ಬಂದು ನಿಲ್ಲಬೇಕು, ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಹದಿನೈದು ದಿನವಾಯಿತು. ಈಗಲೂ ಮನೆಯಲ್ಲಿ ಮಿಕ್ಸರ್ ತಿರುಗಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ನನ್ನ ಹೆಂಡತಿ ಗಿರಿಜಾ ಚಟ್ನಿ ರುಬ್ಬುವ ಮುಂಚೆ "ಹಚ್ಚತೀನ್ರಿ!" ಎಂದು ಕೂಗಿ ಹೇಳುವ ಹೊಸ ಪದ್ಧತಿ ನಮ್ಮ ಮನೆಗೆ ಬಂದಿದೆ.

ಇನ್ನೊಂದು ಸಂಗತಿ ಕೇಳಿದರೆ ನೀವೂ ದಂಗಾಗುತ್ತೀರಿ. ನಾವಿರುವ ಇದೇ ಪುಣೆಯಲ್ಲಿ ನಾನು ಮೂವತ್ತೊಂದು ವರ್ಷ ದುಡಿದದ್ದು ಸೈಲೆನ್ಸರ್ ಮಾಡುವ ಕಾರ್ಖಾನೆಯಲ್ಲಿ, ಅದರಲ್ಲೂ ತಪಾಸಣೆ ವಿಭಾಗದಲ್ಲಿ. ದಪ್ಪ ಗೋಡೆಯ ಕೋಣೆಯಲ್ಲಿ ಕೂತು, ಎಂಜಿನ್ನಿನ ಗಂಟಲಿಂದ ಎಷ್ಟು ಸದ್ದು ಹೊರಬಿತ್ತೆಂದು ಮೀಟರಿನಲ್ಲಿ ನೋಡಿ, ಪಾಸು ಅಥವಾ ನಪಾಸು ಎಂದು ಸಹಿ ಹಾಕುವುದು ನನ್ನ ಕೆಲಸ. ಕರ್ಕಶ ಸೈಲೆನ್ಸರ್ ಹಾಕಿಸಿಕೊಂಡ ಮೋಟರ್‌ಸೈಕಲ್ ಹುಡುಗರನ್ನು ಪೊಲೀಸರು ಹಿಡಿದು, ಆ ಕೊಳವೆಗಳನ್ನೆಲ್ಲ ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಲರ್ ಹಾಯಿಸಿದ ಫೋಟೋ ಪೇಪರಿನಲ್ಲಿ ಬಂದಾಗ, ಚಹಾ ಕೆಳಗಿಟ್ಟು ಚಪ್ಪಾಳೆ ತಟ್ಟಿದವನು ನಾನು.

ಸೈಲೆನ್ಸರ್ ಎಂಬ ಹೆಸರೇ ಒಂದು ದೊಡ್ಡಸ್ತಿಕೆ ಬಿಡಿ. ಅದು ಯಾರನ್ನೂ ಮೌನವಾಗಿಸುವುದಿಲ್ಲ, ಮರ್ಯಾದೆಯಿಂದ ಮಾತಾಡಿಸುತ್ತದೆ ಅಷ್ಟೆ. ಕನ್ನಡದಲ್ಲಿ ಅದಕ್ಕೊಂದು ಹೆಸರಿಡಬೇಕೆಂದು ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ವಾರಗಟ್ಟಲೆ ಯೋಚಿಸಿ 'ಶಬ್ದಶಾಮಕ' ಎಂದು ತಂದರು. ಗಿರಿಜಾ ಕೇಳಿ, "ಊಟಾದ ಮ್ಯಾಲೆ ಎಷ್ಟು ಚಮಚ ತಗೋಬೇಕ್ರಿ?" ಅಂದಳು. ಆ ಪದ ಅಲ್ಲಿಗೇ ತೀರಿಕೊಂಡಿತು.

ಇರಲಿ. ಯೆರವಡಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಳೆಗಾಲಕ್ಕೆ ಮುಂಚೆ ಗುಲ್‌ಮೊಹರಿನ ಟೊಂಗೆ ಕಡಿಸುವುದು ವರ್ಷದ ರೂಢಿ. ಪಾಲಿಕೆಯ ಪರವಾನಗಿ ಬಂದ ಮೇಲೆ ಭೀಮಪ್ಪ ಮತ್ತು ಅವನ ಹೆಂಡತಿ ಕಾಶವ್ವ ಬರುತ್ತಾರೆ. ಗಡಿಯಂಚಿನ ಜತ್ತ ಕಡೆಯವರು, ಮನೆಮಾತು ಕನ್ನಡ. ಅವನು ಗರಗಸದ ಮಶಿನ್ ಸೊಂಟಕ್ಕೆ ತೂಗುಹಾಕಿಕೊಂಡು ಮರ ಹತ್ತಿದರೆ, ಟೊಂಗೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನೆಲದ ಮೇಲೆ ಕಾಶವ್ವನ ಕೈಯಲ್ಲಿ. ಕೊಯ್ದ ಟೊಂಗೆ ಎತ್ತ ಬೀಳಬೇಕೆಂದು ಆ ಹಗ್ಗ ಹೇಳುತ್ತದೆ. ಹಗ್ಗಕ್ಕೆ ಏನು ಮಾಡಬೇಕೆಂದು ಭೀಮಪ್ಪ ಕೂಗಿ ಹೇಳುತ್ತಾನೆ.

ಈ ಸಲ ಬಂದವನೇ ನನ್ನ ಮುಂದೆ ದುಃಖ ತೋಡಿಕೊಂಡ. "ಸಾಹೇಬ್ರ, ಮಶಿನ್ಯಾಗ ದಮ್ಮ ಇಲ್ರಿ. ಟೊಂಗಿ ಅರ್ಧಾ ಕೊಯ್ಯೂದ್ರಾಗ ಕುಂಯ್ ಅಂತದ."

ನಿವೃತ್ತನಾದ ಮನುಷ್ಯನ ಮುಂದೆ ಇಂಥ ಮಾತು ಆಡಬಾರದು. ಎಂಟು ತಿಂಗಳಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಗರಗಸಕ್ಕೂ ಸೈಲೆನ್ಸರ್ ಇರುತ್ತದೆ, ಮುಷ್ಟಿಗಾತ್ರದ ಒಂದು ತಗಡಿನ ಡಬ್ಬಿ. ಹೊಗೆ ಅದರೊಳಗೆ ಸುತ್ತಿ ಬಳಸಿ ಹೊರಬರಬೇಕು, ಆ ಸುತ್ತಾಟದಲ್ಲಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ದಾರಿ ಸಲೀಸು ಮಾಡಿದರೆ ಬಲ ಹೆಚ್ಚುತ್ತದೆ, ಇದು ನನ್ನ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದಿದ್ದ ಗುಟ್ಟು. ಎಲೆಕ್ಟ್ರಿಶಿಯನ್ನನಿಂದ ಡ್ರಿಲ್ ಕಡ ತಂದು ಬಾಲ್ಕನಿಯಲ್ಲಿ ಕೂತೆ. ಡಬ್ಬಿಗೆ ಮೂರು ತೂತು ಕೊರೆದೆ, ಒಳಗಿನ ಅಡ್ಡತಗಡನ್ನೂ ಬಿಡಲಿಲ್ಲ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು ಬೇಕೆಂದು ಕಾರ್ಬ್ಯುರೇಟರಿನ ತಿರುಪನ್ನೂ ಒಂದಿಷ್ಟು ಸಡಿಲಿಸಿದೆ. ಮೂವತ್ತೊಂದು ವರ್ಷದ ಸಹಿಗಳೆಲ್ಲ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದವು. ನನಗೆ ನಾಚಿಕೆಯಾಗಲಿಲ್ಲ, ಕದ್ದು ಮಾವಿನಕಾಯಿ ತಿಂದಷ್ಟು ಖುಷಿಯಾಯಿತು.

ಭೀಮಪ್ಪ ಮಶಿನಿನ ದಾರ ಎಳೆದ. ಅಯ್ಯೋ ದೇವರೇ! ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಮೂರನೇ ಮಹಡಿಯ ಅಜ್ಜಿ ಬಾಗಿಲು ತೆರೆದು ಹಣೆಗೆ ಕೈಯಿಟ್ಟುಕೊಂಡಳು. ಆದರೆ ಗರಗಸ ಮಾತ್ರ ಕಟ್ಟಿಗೆಯೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಭೀಮಪ್ಪ ಕಿವಿಗೆ ಹತ್ತಿ ತುರುಕಿಕೊಂಡು ನನ್ನತ್ತ ನೋಡಿ ನಕ್ಕ. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ, "ಕಾಶವ್ವ, ಇವತ್ತು ಹಗ್ಗಕ್ಕೆ ನಾನೂ ಕೈ ಹಚ್ಚತೀನಿ" ಎಂದು ಅವಳ ಹಿಂದೆ ಹೋಗಿ ನಿಂತೆ. ಅವಳು ಬೇಡ ಅನ್ನಲಿಲ್ಲ. ಅಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಇಲ್ಲಿ ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಕನ್ನಡ, ಮರಾಠಿ ಎಷ್ಟು ಒತ್ತಿಕೊಂಡು ಬಾಳಿದ ಮನೆಗಳೆಂದರೆ ನಮ್ಮ ತುಪ್ಪ ಅವರಲ್ಲಿ ತೂಪ, ನಮ್ಮ ಅಡಕತ್ತರಿ ಅವರಲ್ಲಿ ಅಡಕಿತ್ತಾ. ಭೀಮಪ್ಪ ಹೆಂಡತಿಯ ಜೊತೆ ಜಗಳವಾಡುವುದು ಕನ್ನಡದಲ್ಲಿ, ಆದರೆ ಕಸುಬು ಕಲಿತದ್ದು ಮರಾಠಿಯಲ್ಲಿ. ಹಾಗಾಗಿ ಮರದ ಮೇಲಿಂದ ಅವನು ಕೂಗುವ ಅಪ್ಪಣೆಗಳು ಎರಡೇ: 'ಸೋಡ' ಅಂದರೆ ಬಿಡು, 'ಓಢ' ಅಂದರೆ ಎಳೆ. ಮೊದಲು "ಕಾಶೀ" ಎಂದು ಹೆಸರು ಕೂಗಿ ಆಮೇಲೆ ಅಪ್ಪಣೆ. ಅವಳಿಗೆ ರೂಢಿ. ನಾನೋ, ಬೆಳಗಿನಿಂದ ಅವರ ಜೊತೆ ಜತ್ತ ಕಡೆಯ ಜೋಳದ ರೊಟ್ಟಿಯ ಬಗ್ಗೆ ಅಪ್ಪಟ ಕನ್ನಡದಲ್ಲಿ ಹರಟಿದ್ದೆ, ಕಿವಿ ಇನ್ನೂ ಕನ್ನಡದಲ್ಲೇ ಇತ್ತು.

ದೊಡ್ಡ ಟೊಂಗೆ ಅರ್ಧಕ್ಕೆ ಬಂತು. ಮಶಿನ್ ಬೊಬ್ಬಿರಿಯುತ್ತಿತ್ತು. ಮೇಲಿಂದ ಭೀಮಪ್ಪ ಬಾಯಿ ತೆರೆದದ್ದು ಕಂಡಿತು. ಹೆಸರು ಸದ್ದಿನಲ್ಲಿ ಮುಳುಗಿಹೋಯಿತು. ತೇಲಿ ಬಂದದ್ದು ಒಂದೇ ಒಂದು ಮಾತು.

"ಓಡ್!"

ಮರದ ಮೇಲಿನವನು ಓಡು ಅಂದರೆ ನೀವು ನಿಂತು ಯಾಕೆ ಅಂತ ಕೇಳುತ್ತೀರಾ? ನಾನು ಓಡಿದೆ. ಅರವತ್ತು ದಾಟಿದ ಮಂಡಿಗಳಲ್ಲಿ ಅಷ್ಟು ವೇಗ ಇದೆಯೆಂದು ನನಗೇ ಗೊತ್ತಿರಲಿಲ್ಲ. ಗೇಟಿನ ಹತ್ತಿರ ವಾಚ್‌ಮನ್ನನನ್ನು ತಬ್ಬಿಕೊಂಡು ತಿರುಗಿ ನೋಡಿದೆ. ನಾನು ಬಿಟ್ಟ ಹಗ್ಗ ಕಾಶವ್ವನೊಬ್ಬಳನ್ನೇ ದರದರ ಎಳೆಯುತ್ತಿತ್ತು. ಟೊಂಗೆ ನಮ್ಮತ್ತ ಬೀಳುವ ಬದಲು ಭೀಮಪ್ಪ ಕೂತಿದ್ದ ಕವಲಿನ ಕಡೆ ವಾಲುತ್ತಿತ್ತು. ಅವಳು ಹಿಮ್ಮಡಿ ನೆಲಕ್ಕೂರಿ, ಬಿಡದೆ, ಬಾಯಿಬಿಡದೆ ಹಿಡಿದಿದ್ದಳು. ಟೊಂಗೆ ಅವನ ಮಂಡಿಯಿಂದ ಒಂದು ಗೇಣು ಆಚೆ ಹಾದು, ನನ್ನ ಸ್ಕೂಟರಿನ ಮೇಲೆ ಬಿತ್ತು. ಸ್ಕೂಟರ್ ಹಾಳಾಗಿ ಹೋಗಲಿ. ಆ ಒಂದು ಗೇಣು ಈಗಲೂ ನನ್ನ ಕಣ್ಣ ಮುಂದೆ ಇದೆ.

ಮಶಿನ್ ನಿಂತಿತು. ಭೀಮಪ್ಪ ಸರಸರನೆ ಇಳಿದು ಬಂದು ಹೆಂಡತಿಯ ಕೈ ಬಿಡಿಸಿ ನೋಡಿದ. ಎರಡೂ ಅಂಗೈಯ ಚರ್ಮ ಸುಲಿದು ಹೋಗಿತ್ತು. ಗಿರಿಜಾ ಅರಿಸಿನ, ಬಟ್ಟೆ ಹಿಡಿದು ಓಡಿ ಬಂದಳು. ಕಾಶವ್ವ ನನ್ನನ್ನು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಣ್ಣಾರ," ಅಂದಳು, "ನೀವು ಮಶಿನ್ ದನಿ ದೊಡ್ಡದ ಮಾಡಿದ್ರಿ. ನನ್ನ ಗಂಡನ ದನಿ ಸಣ್ಣದಾತು."

ಮರಾಠಿಯಲ್ಲಿ 'ಓಢ' ಪದಕ್ಕೆ ಸೆಳೆತ, ಹಂಬಲ ಎಂಬ ಅರ್ಥವೂ ಇದೆಯೆಂದು ಆಮೇಲೆ ನಿಘಂಟು ತೆರೆದು ನೋಡಿದೆ. ತಪ್ಪು ಮಾಡಿದ ಮೇಲೆ ನಿಘಂಟು ನೋಡುವುದು ನನ್ನಂಥವರ ಚಾಳಿ. ಅವಳು ಯಾವ ಅರ್ಥದಲ್ಲಿ ಹಿಡಿದಳೋ, ನಾನಂತೂ ಒಂದೇ ಅರ್ಥದಲ್ಲಿ ಓಡಿದೆ.

ಮರುದಿನ ಹೊಸ ಸೈಲೆನ್ಸರ್ ತರಲು ಅಂಗಡಿಗೆ ಹೋದೆ. ಮೆಕ್ಯಾನಿಕ್ ಹಳೆಯ ಡಬ್ಬಿಯನ್ನು ತಿರುವಿ ನೋಡಿ, ಹೊಗೆ ಹೊರಬರುವ ಬಾಯಲ್ಲಿದ್ದ ಸಣ್ಣ ಜಾಲರಿಯನ್ನು ಉಗುರಿನಿಂದ ಕೆರೆದ. ಅದರ ತುಂಬ ಮಸಿ ಕಟ್ಟಿತ್ತು. "ಕಾಕಾ, ಜಾಳಿ ಸಾಫ್ ಕೇಲೀ ನಾಹೀ ಕಾ?" ಅಂದ. ಜಾಲರಿ ತೊಳೆದಿದ್ದರೆ ಸಾಕಿತ್ತಂತೆ! ನಾನು ಬಾಗಿಲಿನ ಚಿಲಕ ತೆಗೆಯುವ ಬದಲು ಗೋಡೆ ಒಡೆದಿದ್ದೆ. ಮೂವತ್ತೊಂದು ವರ್ಷ ತಪಾಸಣೆ ಮಾಡಿದವನು ಎಂದು ಅವನಿಗೆ ಹೇಳಲಿಲ್ಲ.

ನಿನ್ನೆ ಉಳಿದ ಟೊಂಗೆ ಕಡಿಯಲು ಇಬ್ಬರೂ ಬಂದರು. ಕಾಶವ್ವನ ಅಂಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಹೊಸ ಸೈಲೆನ್ಸರ್ ಹಾಕಿದ್ದೇನೆ, ಜಾಲರಿಯೂ ಸ್ವಚ್ಛ ಎಂದು ನಾನು ವರದಿ ಒಪ್ಪಿಸಿದೆ. ಅವಳು ತಲೆಯಾಡಿಸಿ, ಗಂಡನನ್ನು ಮರ ಹತ್ತಿಸಿ, ಏನೂ ಕೊಯ್ಯದೆ ಮಶಿನನ್ನು ಪೂರ್ತಿ ಜೋರು ಮಾಡಲು ಹೇಳಿದಳು. ಆಮೇಲೆ ಮರಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಳು.

"ಕಾಶೀ, ಚಾ ಕುಡದೇನ?" ಎಂದು ಮೇಲಿಂದ ಭೀಮಪ್ಪ ಕೂಗಿದ.

"ಕುಡದೀನಿ!" ಅಂದಳು, ತಿರುಗದೆ. ಮತ್ತೆ ನನ್ನತ್ತ ನೋಡಿ, "ಹಾಂ, ಈಗ ಬರೋಬ್ಬರಿ ಅದರಿ" ಅಂದಳು.

ಎಂಜಿನ್ನಿನಿಂದ ಎಷ್ಟು ಸದ್ದು ಹೊರಬಂತೆಂದು ನನ್ನ ಜೀವಮಾನವಿಡೀ ಅಳೆದೆ. ಆ ಸದ್ದಿನ ನಡುವೆ ಯಾರ ಮಾತು ಯಾರಿಗೆ ಕೇಳಿಸಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ. ಏನಾದರೂ ಸಹಾಯ ಮಾಡಲೇಬೇಕೆನಿಸಿ ಎರಡೂ ಕೈ ಮುಂದೆ ಚಾಚಿದೆ. ಕಾಶವ್ವ ನಗುತ್ತಲೇ ಹಗ್ಗದ ತುದಿಯನ್ನು ವಾಚ್‌ಮನ್ನನ ಕೈಗೆ ಕೊಟ್ಟಳು.